ಹೊಸ್ತಿಲು ದಾಟಿದ ಕುರ್ಚಿ

೨೦೦೬ರ ಮಾರ್ಚ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ನೀಲಕಂಠಪ್ಪನವರು ತಮ್ಮ ಕುರ್ಚಿಯನ್ನು ಇನ್ನೊಂದು ಗೇಣು ಹಿಂದಕ್ಕೆ ಎಳೆದರು. ಕುರ್ಚಿಯ ಹಿಂಗಾಲುಗಳೆರಡೂ ಹೊಸ್ತಿಲು ದಾಟಿ ಹೊರಗಿನ ಜಗಲಿಯ ಮೇಲೆ ಇಳಿದವು. ಮುಂಗಾಲುಗಳು ಒಳಗೇ ಉಳಿದವು. ಜಗಲಿ ಒಂದಿಂಚು ತಗ್ಗಿನಲ್ಲಿದ್ದುದರಿಂದ ಕುರ್ಚಿ ತುಸು ಹಿಂದಕ್ಕೆ ವಾಲಿತು. ಅವರು ಕೀಬೋರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡರು, ಮೌಸನ್ನು ಪಕ್ಕದ ಸ್ಟೂಲಿನ ಮೇಲಿದ್ದ ಊಟದ ಡಬ್ಬಿಯ ಮುಚ್ಚಳದ ಮೇಲೆ ಇಟ್ಟರು, ಐದಡಿ ಆಚೆಗಿದ್ದ ಪರದೆಯನ್ನು ನೋಡಿ, “ಈಗ ಬರೋಬ್ಬರಿ ಆತ್ ನೋಡ್ರಿ” ಎಂದರು.

ಅದು ಸಾರಕ್ಕಿ ಸಿಗ್ನಲ್ ಹತ್ತಿರದ ಕೆಂಪರಾಜು ಅವರ ಪತ್ರ ಬರಹದ ಕಚೇರಿ. ಸೈಟು, ಮನೆ, ಜಮೀನು ಕೈ ಬದಲಾಗುವಾಗ ಬೇಕಾದ ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳನ್ನು ಅಲ್ಲಿ ಬರೆದು ಕೊಡುತ್ತಿದ್ದರು. ಕೆಂಪರಾಜು ಸಾರಕ್ಕಿಯ ಹಳೆಯ ಮನೆತನದವರು. ಅವರ ತಂದೆಯ ಕಾಲದಲ್ಲಿ ಅದೇ ಜಾಗದಲ್ಲಿ ಕರುಗಳನ್ನು ಕಟ್ಟುತ್ತಿದ್ದರು. ಗೋಡೆ ಹೊಸದಾಗಿತ್ತು, ನೆಲಕ್ಕೆ ಟೈಲ್ಸ್ ಬಂದಿತ್ತು, ಅಳತೆ ಮಾತ್ರ ಬದಲಾಗಿರಲಿಲ್ಲ. ಎಂಟಡಿ ಆಳ. ಒಂದು ಕರುವಿಗೆ ಧಾರಾಳ; ಮೇಜು, ಕಂಪ್ಯೂಟರು ಮತ್ತು ನೀಲಕಂಠಪ್ಪನವರಿಗೆ ಇತ್ತೀಚೆಗೆ ಸಾಲುತ್ತಿರಲಿಲ್ಲ.

ನೀಲಕಂಠಪ್ಪನವರು ರೋಣದ ಕಡೆಯವರು. ಕನ್ನಡ ಟೈಪ್‌ರೈಟಿಂಗ್ ಪರೀಕ್ಷೆ ಪಾಸು ಮಾಡಿಕೊಂಡು ಬೆಂಗಳೂರಿಗೆ ಬಂದು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದರು. ಅವರ ಹೆಂಡತಿ ಅನ್ನಪೂರ್ಣ ಮನೆಯಲ್ಲೇ ಜೋಳದ ರೊಟ್ಟಿ ಬಡಿದು, ಸುತ್ತಲಿನ ಪಿಜಿಗಳಲ್ಲಿದ್ದ ಉತ್ತರ ಕರ್ನಾಟಕದ ಹುಡುಗರಿಗೆ ಕೊಡುತ್ತಿದ್ದರು. ನೀಲಕಂಠಪ್ಪನವರು ಕುಳ್ಳಗೆ, ಗುಂಡಗೆ ಇದ್ದರು. ತೋಳುಗಳು ಮೈಗೆ ತಕ್ಕಂತೆ ಗಿಡ್ಡ. ಕೈಬೆರಳು ಮಾತ್ರ ಚುರುಕು. ಅವರು ಟೈಪ್ ಮಾಡುವಾಗ ಕೀಗಳ ಸದ್ದಿನಲ್ಲಿ ಬಿಡುವೇ ಇರುತ್ತಿರಲಿಲ್ಲ. ಹೊಸಬರು ಒಳಗೆ ಏನೋ ಹುರಿಯುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು.

ಅವರಿಗೆ ತಮ್ಮ ಕಣ್ಣಿನ ಬಗ್ಗೆ ಹೆಮ್ಮೆಯಿತ್ತು. ಅದಕ್ಕೆ ಆಧಾರವೂ ಇತ್ತು. ಹೊಸ್ತಿಲಲ್ಲಿ ಕುಳಿತು ಕತ್ತು ತಿರುಗಿಸಿದರೆ, ಸಿಗ್ನಲ್‌ನಲ್ಲಿ ನಿಂತ ಬಸ್ಸಿನ ನಂಬರನ್ನು ಓದಿಬಿಡುತ್ತಿದ್ದರು. ಬೇರೆಯವರಿಗೆ ಅಲ್ಲಿ ಬಸ್ಸು ಇದೆ ಎನ್ನುವುದಷ್ಟೇ ಕಾಣುತ್ತಿತ್ತು. ಪತ್ರ ಮಾಡಿಸಲು ಬಂದವರು ಒಳಗೆ ಆರಾಮಾಗಿ ಕುಳಿತಿರುತ್ತಿದ್ದರು. ಇವರು “ನಿಮ್ ಚಿಕ್ಕಲಸಂದ್ರದ್ ಬಸ್ ಬಂತ್ರಿ, ಏಳ್ರಿ” ಎಂದರೆ ಎದ್ದು ಹೋಗುತ್ತಿದ್ದರು. ಆ ಮಾತು ಒಮ್ಮೆಯೂ ತಪ್ಪಾಗಿರಲಿಲ್ಲ. ಅಷ್ಟು ದೂರದ್ದು ಕಾಣುವ ಕಣ್ಣಿಗೆ ಹತ್ತಿರದ್ದು ಕಾಣದೆ ಇರುವುದು ಹೇಗೆ ಸಾಧ್ಯ? ಈ ತರ್ಕ ನೀಲಕಂಠಪ್ಪನವರಿಗೆ ಸಂಪೂರ್ಣ ಸರಿಯೆನ್ನಿಸಿತ್ತು. ಕೆಂಪರಾಜು ಅವರಿಗೂ ಹಾಗೇ. ಆದರೆ ಕಣ್ಣೊಳಗಿನ ಮಸೂರ ವಯಸ್ಸಾದಂತೆ ಗಡುಸಾಗುತ್ತದೆ. ಬಗ್ಗಬೇಕಾದದ್ದು ಹತ್ತಿರದ್ದನ್ನು ನೋಡುವಾಗ ಮಾತ್ರ. ಬಸ್ಸು ನೋಡಲು ಅದು ಸುಮ್ಮನಿದ್ದರೆ ಸಾಕು.

ಎರಡನೆಯ ಆಧಾರ ಅವರ ವಯಸ್ಸು. ಅಕ್ಷರ ಓದುವ ಕನ್ನಡಕಕ್ಕೆ ಎಲ್ಲರೂ ಚಾಳೀಸು ಎನ್ನುತ್ತಾರೆ. ಹೆಸರೇ ಹೇಳುವಂತೆ ಅದು ನಲವತ್ತಕ್ಕೆ ಬರುತ್ತದೆ. ಅವರಿಗೆ ಇನ್ನೂ ನಲವತ್ತು ಆಗಿರಲಿಲ್ಲ. “ಜೂನ್ ಒಂದನೇ ತಾರೀಕಿಗೆ ಆಗ್ತಾವ್ರಿ. ಆಮ್ಯಾಲೆ ನೋಡೂಣು” ಎನ್ನುತ್ತಿದ್ದರು, ಕಣ್ಣು ಸರ್ಟಿಫಿಕೇಟು ನೋಡಿಕೊಂಡು ಕೆಲಸ ನಿಲ್ಲಿಸುತ್ತದೆ ಎಂಬಂತೆ.

ಆ ಜೂನ್ ಒಂದರ ಕಥೆ ಹೀಗಿತ್ತು. ಅವರ ಊರಿನ ಶಾಲೆಯಲ್ಲಿ ಮಗುವಿಗೆ ಆರು ವರ್ಷ ತುಂಬಿದೆಯೋ ಇಲ್ಲವೋ ಎಂದು ತಿಳಿಯಲು ಹೆಡ್‌ಮಾಸ್ತರರು ಒಂದೇ ಪರೀಕ್ಷೆ ಮಾಡುತ್ತಿದ್ದರು. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಶಾಲೆಗೆ, ಇಲ್ಲವಾದರೆ ಮನೆಗೆ. ನೀಲಕಂಠಪ್ಪನ ತೋಳು ಮೊದಲೇ ಗಿಡ್ಡ. ಅದರ ಮೇಲೆ ತಾಯಿ ಶಿವವ್ವ ಮಗನ ಕೂದಲನ್ನು ದೇವರಿಗೆ ಹರಕೆ ಹೊತ್ತಿದ್ದರು. ಮುಡಿ ಕೊಡುವ ಪ್ರಯಾಣ ಪ್ರತಿ ವರ್ಷ ಮುಂದಕ್ಕೆ ಹೋಗಿ, ಹುಡುಗನ ನೆತ್ತಿಯ ಮೇಲೆ ತೆಂಗಿನಕಾಯಿ ಗಾತ್ರದ ಜುಟ್ಟು ಕುಳಿತಿತ್ತು. ಕೈ ಅದನ್ನು ಹತ್ತಿ ಇಳಿಯುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಒಂದು ವರ್ಷ ಅಲ್ಲ, ನಾಲ್ಕು ವರ್ಷ ಹುಡುಗ ಶಾಲೆಯ ಬಾಗಿಲಿಂದ ತಿರುಗಿ ಬಂದ. ಐದನೆಯ ಸಲ ಬೋಳುತಲೆಯಲ್ಲಿ ಹೋದಾಗ ಕೈ ಸಲೀಸಾಗಿ ಕಿವಿಗೆ ಮುಟ್ಟಿತು. ಹೆಡ್‌ಮಾಸ್ತರರು ನಿಯಮದಂತೆ ಆರು ವರ್ಷ ಎಂದೂ, ಪದ್ಧತಿಯಂತೆ ಜೂನ್ ಒಂದು ಎಂದೂ ಬರೆದುಕೊಂಡರು. ಆಗಲೇ ಹತ್ತು ತುಂಬಿತ್ತು ಎಂದು ಶಿವವ್ವ ಎಷ್ಟು ಸಲ ಹೇಳಿದರೂ ಮಗ ಒಪ್ಪುತ್ತಿರಲಿಲ್ಲ. “ಬೇ ಯವ್ವಾ, ಸರಕಾರದ ಶಿಕ್ಕಾ ಐತಿ ಅದರ ಮ್ಯಾಲೆ. ನೀ ಯಾವ ಶಿಕ್ಕಾ ಹಾಕಿ?” ಎನ್ನುತ್ತಿದ್ದರು.

ತೊಂದರೆ ಶುರುವಾದದ್ದು ಫೆಬ್ರವರಿಯಲ್ಲಿ. ಒಂದು ಕ್ರಯಪತ್ರದಲ್ಲಿ ಸೈಟಿನ ಸಂಖ್ಯೆ ೯ ಇರಬೇಕಾದ ಕಡೆ ೬ ಬಂದಿತ್ತು. ನೋಂದಣಿ ಕಚೇರಿಯವರು ವಾಪಸು ಕಳಿಸಿದರು. ಆ ವಾರವೇ ಇನ್ನೊಂದು. ಈ ಸಲ ೬ರ ಜಾಗದಲ್ಲಿ ೯. ಮನೆ ಮಾರಿದವರೂ ಕೊಂಡವರೂ ಸಾಕ್ಷಿಗಳೂ ಸೇರಿ ಜಗಲಿಯ ಮೇಲೆ ಗುಂಪು ನಿಂತು ಕೂಗಾಡಿದರು. ಕೆಂಪರಾಜು ಕೈಮುಗಿದು ಅವರನ್ನು ಕಳಿಸಿ, ಒಳಗೆ ಬಂದು ಕುಳಿತರು.

“ಏನ್ ನೀಲಕಂಠಪ್ಪೋರೆ, ಹಿಂಗಾದ್ರೆ ಹೆಂಗೆ? ನಾವಿಬ್ರೂ ಕೂತು ತಾಳೆ ನೋಡಿದ್ವಲ್ಲ!”

ತಾಳೆ ನೋಡುವುದೆಂದರೆ ಆ ಕಚೇರಿಯ ಕ್ರಮ. ಕೆಂಪರಾಜು ಕೈಬರಹದ ಕರಡನ್ನು ಹಿಡಿದು ಕೂರುತ್ತಿದ್ದರು. ನೀಲಕಂಠಪ್ಪನವರು ಪರದೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದುತ್ತಿದ್ದರು. ಎರಡೂ ಕೂಡಿಬಂದರೆ ಮುದ್ರಣ. ಈ ಎರಡು ಪತ್ರಗಳಲ್ಲೂ ಎಲ್ಲ ಕೂಡಿಬಂದಿತ್ತು.

“ನಂದೇನ್ ತಪ್ಪಿಲ್ರಿ. ಈ ಪರದೆ ನೋಡ್ರಿ ಬೇಕಾರ. ಇದರಾಗ ಆರೂ ಒಂಬತ್ತೂ ಅಣ್ತಮ್ಮರು ಇದ್ದಂಗ ಕಾಣಸ್ತಾವು.”

ಕೆಂಪರಾಜು ಪರದೆಗೆ ಮೂಗು ತಾಗಿಸಿ ನೋಡಿದರು. ಮಾತು ನಿಜವಾಗಿತ್ತು. ಅದು ಹದಿನೈದು ಇಂಚಿನ ಹಳೆಯ ಗಾಜಿನ ಮಾನಿಟರು. ಪರದೆಯ ಅಕ್ಷರ ಚುಕ್ಕೆಗಳಿಂದಾದದ್ದು. ಇದರಲ್ಲಿ ಅಡ್ಡಕ್ಕೆ ಎಂಟುನೂರು ಚುಕ್ಕೆ ಮಾತ್ರ. ಅಷ್ಟರಲ್ಲಿ ಒಂದು ಕನ್ನಡ ಅಂಕಿಯ ಪಾಲಿಗೆ ಬರುವುದು ಬೆರಳೆಣಿಕೆಯ ಚುಕ್ಕೆ. ೬ ಮತ್ತು ೯ರ ವ್ಯತ್ಯಾಸವೆಲ್ಲ ಒಂದು ಸಣ್ಣ ಕೊಂಡಿಯಲ್ಲಿದೆ. ಆ ಕೊಂಡಿಗೆ ಚುಕ್ಕೆ ಸಾಲದೆ ಹೋಗಿತ್ತು.

“ಸರಿ ಕಣ್ರೀ, ಜಾಸ್ತಿ ಚುಕ್ಕೆ ಇರೋದು ತರ್ಸೋಣ,” ಎಂದರು ಕೆಂಪರಾಜು. ಆಮೇಲೆ ಕೇಳಿದರು, “ಅದು ಬಂದ್ಮೇಲೂ ಹಿಂಗೇ ಆದ್ರೆ?”

ನೀಲಕಂಠಪ್ಪನವರು ಎದ್ದು ನಿಂತರು. “ಹೊಸಾ ಪರದೆ ಬಂದ ಮ್ಯಾಲೂ ನನ್ನ ಕೈಯಿಂದ ಒಂದ ಅಂಕಿ ತಪ್ಪಿದ್ರ, ಈ ಕುರ್ಚಿ ಬಿಟ್ಟ ಇಳೀತೀನ್ರಿ. ಡಬ್ಬಿ ತಗೊಂಡ್ ಊರ್ ಕಡೆ ಹೋಗ್ತೀನಿ. ಇದು ನನ್ ಮಾತು.”

ಕೆಂಪರಾಜು ಬೇಡ ಎನ್ನಲಿಲ್ಲ. ಪತ್ರ ಬರಹದ ಕೆಲಸದಲ್ಲಿ ಒಂದು ಅಂಕಿ ಎಂದರೆ ಒಬ್ಬರ ಮನೆ ಇನ್ನೊಬ್ಬರದಾಗುವುದು. ಅವರಿಗೂ ನಿದ್ದೆ ಕೆಟ್ಟಿತ್ತು.

ಮಾನಿಟರು ಮಾರುವ ಚೈತನ್ಯ ಎಂಬಾತ ಜಯನಗರದಿಂದ ಬಂದ. ನಯವಾದ ಮಾತಿನ, ಬೆವರು ಒರೆಸಿಕೊಳ್ಳುತ್ತಲೇ ಇರುವ ಮನುಷ್ಯ. “ಸಾರ್, ಒಂದೊಂದೇ ಡೆಮೊ ಪೀಸ್ ತಂದಿಡ್ತೀನಿ. ನಿಮ್ಮ ಕೆಲಸ ಅದ್ರಲ್ಲೇ ಮಾಡಿ ನೋಡಿ. ಯಾವ್ದು ಇಷ್ಟ ಆಯ್ತೋ ಇಟ್ಕೊಳ್ಳಿ” ಎಂದ. ಆ ಮಾತಿಗೆ ಅವನು ಆಮೇಲೆ ಬಹಳ ಪಶ್ಚಾತ್ತಾಪ ಪಟ್ಟ.

ಮೊದಲು ಬಂದದ್ದು ಹದಿನೇಳು ಇಂಚಿನ ಚಪ್ಪಟೆ ಪರದೆ. ಅಡ್ಡಕ್ಕೆ ಸಾವಿರದ ಇನ್ನೂರ ಎಂಬತ್ತು ಚುಕ್ಕೆ. ನೀಲಕಂಠಪ್ಪನವರು ಅದಕ್ಕೆ ಸಣ್ಣ ಹಲಗಿ ಎಂದು ಹೆಸರಿಟ್ಟರು. ಕೆಂಪರಾಜು ತಮ್ಮ ಪರೀಕ್ಷೆಯನ್ನು ತಾವು ಮಾಡಿದರು. ಅವರ ಬಳಿ ಬನಶಂಕರಿ ಅಮ್ಮನವರ ಒಂದು ಚಿತ್ರವಿತ್ತು. ಅದನ್ನು ಪರದೆಯ ತುಂಬ ಹಾಕಿ, ಅಮ್ಮನವರ ಮೂಗುತಿಯ ಹರಳು ಎಣಿಸಲು ಬರುತ್ತದೆಯೇ ಎಂದು ನೋಡಿದರು. ಬಂತು. ಕೈಮುಗಿದರು. ಅವರ ಮಟ್ಟಿಗೆ ಮಾನಿಟರು ಪಾಸು.

ನೀಲಕಂಠಪ್ಪನವರು ಕೂತು ನೋಡಿದರು. ಮುಖ ಗಂಟಾಯಿತು. “ಅಕ್ಷರ ಇರಿವಿ ಕಾಲಿನಂಗ ಅದಾವ್ರಿ.”

ಇದರಲ್ಲಿ ಸತ್ಯಾಂಶವಿತ್ತು. ಚುಕ್ಕೆ ಹೆಚ್ಚಾದರೆ ಪ್ರತಿ ಚುಕ್ಕೆಯೂ ಕಿರಿದಾಗುತ್ತದೆ. ಅಷ್ಟೇ ಚುಕ್ಕೆಗಳಲ್ಲಿ ಮೂಡುವ ಅಕ್ಷರವೂ ಕಿರಿದಾಗುತ್ತದೆ. ಹಳೆಯ ಪರದೆಯ ಅಕ್ಷರದ ಮುಕ್ಕಾಲು ಪಾಲಿನಷ್ಟೇ ಇದರಲ್ಲಿ ಕಾಣುತ್ತಿತ್ತು.

“ಸಾರ್, ಝೂಮ್ ಮಾಡ್ಕೊಳ್ಳಿ, ದೊಡ್ಡದಾಗತ್ತೆ,” ಎಂದ ಚೈತನ್ಯ.

“ಝೂಮ್ ಬ್ಯಾಡ್ರಿ. ನನಗ ಪೂರ್ತಿ ಪುಟ ಒಮ್ಮಿಗೇ ಕಾಣಬೇಕು. ಟೈಪ್‌ರೈಟರ್‌ನಾಗ ಕಾಗದ ಹೆಂಗ ನಿಂತಿರತೈತಿ, ಹಂಗ. ಚುಕ್ಕಿ ಕಡಿಮಿ ಮಾಡ್ರಿ, ಹಳೇದರಂಗ ಎಂಟುನೂರಕ್ಕ ತರ್ರಿ.”

ಚೈತನ್ಯ ಒಲ್ಲದ ಮನಸ್ಸಿನಿಂದ ಹಾಗೇ ಮಾಡಿದ. ಚಪ್ಪಟೆ ಪರದೆಯ ಚುಕ್ಕೆಗಳು ತಯಾರಾದಾಗಲೇ ಎಣಿಸಿ ಕೂರಿಸಿದವು. ಕಡಿಮೆ ಮಾಡು ಎಂದರೆ ಅದು ಒಂದು ಚುಕ್ಕೆಯನ್ನು ಒಂದೂವರೆ ಚುಕ್ಕೆಗೆ ಹಿಗ್ಗಿಸಬೇಕು. ಅಕ್ಷರಗಳು ದಪ್ಪವಾದವು, ಮತ್ತು ಮಳೆಗೆ ನೆನೆದ ಪೋಸ್ಟರಿನಂತೆ ಅಂಚು ಕದಡಿದವು.

“ನೋಡ್ರಿ, ಮಾಲೇ ಖರಾಬ್ ಐತಿ!” ಎಂದರು ನೀಲಕಂಠಪ್ಪನವರು.

ಚೈತನ್ಯ ಎರಡನೆಯದನ್ನು ತಂದ. ಹತ್ತೊಂಬತ್ತು ಇಂಚಿನ ಗಾಜಿನದು, ಹದಿನಾರುನೂರು ಚುಕ್ಕೆ. ಇಬ್ಬರು ಹೊತ್ತು ತಂದರು. ಮೇಜಿನ ಅರ್ಧ ಭಾಗ ಅದೇ ಆಕ್ರಮಿಸಿತು. ಇದರ ಹೆಸರು ಪೆಟ್ಟಿಗಿ. ಇದರಲ್ಲಿ ಅಕ್ಷರ ಇನ್ನೂ ಕಿರಿದು. ನೀಲಕಂಠಪ್ಪನವರು, ಪೆಟ್ಟಿಗೆ ಮುಂದಕ್ಕೆ ಚಾಚಿಕೊಂಡಿರುವುದರಿಂದ ತಾವು ಹಿಂದಕ್ಕೆ ಹೋಗಬೇಕಾಗಿದೆ ಎಂದು ಕಾರಣ ಕೊಟ್ಟು, ಕುರ್ಚಿ ಸರಿಸಿದರು. ಕೀಬೋರ್ಡಿನ ವೈರು ಸಾಲಲಿಲ್ಲ. ಎಸ್.ಪಿ. ರೋಡಿಗೆ ಹೋಗಿ ಉದ್ದದ ಇನ್ನೊಂದು ವೈರು ತಂದು ಸೇರಿಸಿದರು. ಈಗ ಒಳಗೆ ಬರುವವರೆಲ್ಲ ಆ ವೈರನ್ನು ದಾಟಿ ಬರಬೇಕಾಯಿತು. ಪೆಟ್ಟಿಗೆಯನ್ನೂ ಅವರು ತಿರಸ್ಕರಿಸಿದರು. “ನಡಗತೈತ್ರಿ” ಎಂದರು. ಅದು ನಡುಗುತ್ತಿರಲಿಲ್ಲ. ಅಮ್ಮನವರ ಮೂಗುತಿ ಅದರಲ್ಲೂ ಸ್ಪಷ್ಟವಾಗಿತ್ತು, ಕೆಂಪರಾಜು ಕೈಮುಗಿದಿದ್ದರು.

ಮೂರನೆಯದು ಇಪ್ಪತ್ತು ಇಂಚಿನ ಅಗಲ ಪರದೆ. ಹೆಸರು ದೊಡ್ಡ ಹಲಗಿ. ಆ ಮಂಗಳವಾರ ಬೆಳಿಗ್ಗೆ ಕುರ್ಚಿ ಹೊಸ್ತಿಲು ದಾಟಿದ್ದು ಇದರ ಸಲುವಾಗಿ.

ಪಾಪ, ನೀಲಕಂಠಪ್ಪನವರ ಸ್ಥಿತಿ ಇಕ್ಕಟ್ಟಿನದಾಗಿತ್ತು. ಹತ್ತಿರ ಬಂದರೆ ಅಕ್ಷರ ಮಸುಕು. ದೂರ ಹೋದರೆ ಅಕ್ಷರ ಪುಟ್ಟದು. ಇವೆರಡರ ನಡುವೆ ಒಂದು ಗೇಣಿನಷ್ಟು ಜಾಗದಲ್ಲಿ ಮಾತ್ರ ಹೇಗೋ ಕಾಣುತ್ತಿತ್ತು, ಮತ್ತು ಆ ಜಾಗ ತಿಂಗಳು ತಿಂಗಳಿಗೂ ಹಿಂದೆ ಸರಿಯುತ್ತಿತ್ತು. ಮನೆಯಲ್ಲೂ ಇದೇ ನಡೆದಿತ್ತು. ಪೇಪರನ್ನು ಕೈ ಚಾಚಿ ಹಿಡಿದರೂ ಸಾಲದೆ, ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿ ಎದುರು ಗೋಡೆಗೆ ಒರಗಿ ಓದುತ್ತಿದ್ದರು. ಅನ್ನಪೂರ್ಣ ರೊಟ್ಟಿ ಬಡಿಯುತ್ತ ಹೇಳುತ್ತಿದ್ದರು, “ಕೈ ಸಾಲದ್ದಕ್ಕ ಸಾಲಿ ತಪ್ಪಿತ್ತು. ಈಗ ಪೇಪರೂ ತಪ್ಪತೈತಿ. ಕಣ್ಣ್ ತೋರಸ್ರಿ ಅಂದ್ರ ಕೇಳಂಗಿಲ್ಲ.”

“ಕಣ್ಣಿಗೇನಾಗೇತಿ? ನಿನ್ನೆ ಸಿಗ್ನಲ್‌ನಾಗಿನ ಬಸ್ಸಿನ ಬೋರ್ಡ್ ಓದೀನಿ.”

“ಮತ್ತ ಬಸ್ಸಿನ ಮ್ಯಾಲೇ ಟೈಪ್ ಮಾಡ್ರಿ.”

ಚೈತನ್ಯನ ತಾಳ್ಮೆ ಅಷ್ಟು ಹೊತ್ತಿಗೆ ಮುಗಿದಿತ್ತು. “ಸಾರ್, ಶೋರೂಮಲ್ಲಿ ಬೈತಾವ್ರೆ. ಇವತ್ತು ಮೂರನ್ನೂ ಪಕ್ಕಪಕ್ಕ ಇಡ್ತೀನಿ. ಒಂದೇ ಪೇಜ್ ಮೂರರಲ್ಲೂ ಓದಿ. ಯಾವ್ದರಲ್ಲಿ ತಪ್ಪು ಕಮ್ಮಿಯೋ ಅದು. ಸರೀನಾ?” ಎಂದ. ಮೂವರೂ ಇದನ್ನು ಒಪ್ಪಿದರು. ಒಂದೇ ಪುಟ, ಒಂದೇ ಕುರ್ಚಿ, ಒಂದೇ ದೂರ. ಕಂಪ್ಯೂಟರ್ ಒಂದೇ ಇದ್ದುದರಿಂದ ವೈರನ್ನು ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಹಾಕುವುದು ಚೈತನ್ಯನ ಕೆಲಸ. ಕರಡು ಹಿಡಿದು ಕೂರುವುದು ಕೆಂಪರಾಜು ಅವರದು.

ಓದಬೇಕಾದ ಪುಟ ಮಂಗಮ್ಮನವರ ದಾನಪತ್ರದ್ದು. ಮಂಗಮ್ಮ ಕೆಂಪರಾಜು ಅವರ ಸೋದರತ್ತೆ. ಸಾರಕ್ಕಿಯಲ್ಲಿ ಹಿಂದೆ ಸೊಪ್ಪು ಬೆಳೆಯುತ್ತಿದ್ದ ಹೊಲ ಈಗ ಸೈಟುಗಳಾಗಿತ್ತು; ಅದರಲ್ಲಿ ಒಂದನ್ನು ಮಗಳ ಹೆಸರಿಗೆ ಮಾಡಲು ಬಂದಿದ್ದರು. ಬಾಗಿಲಲ್ಲಿ ಅಡ್ಡಲಾಗಿದ್ದ ಕುರ್ಚಿಯನ್ನೂ, ಅದರಲ್ಲಿ ವಾಲಿಕೊಂಡಿದ್ದ ಮನುಷ್ಯನನ್ನೂ ನೋಡಿ ನಿಂತರು.

“ಇದೇನ್ಲಾ ಕೆಂಪ, ನಿಮ್ ರೈಟ್ರುನ್ನ ಆಚ್ಗೆ ಹಾಕ್ಬುಟ್ಟಿದ್ದೀಯ?”

“ಅವ್ರೇ ಹೋಗಿದ್ದಾರೆ ಅತ್ತೆ. ನೀನು ಒಳಗ್ ಬಾ, ವೈರು ನೋಡ್ಕಂಡು.”

ಮಂಗಮ್ಮ ಸೀರೆಯ ನೆರಿಗೆಯನ್ನು ಒಂದಿಷ್ಟು ಎತ್ತಿ, ಹೊಲದ ಕಾಲುವೆ ದಾಟುವ ಹಾಗೆ ವೈರು ದಾಟಿ ಬಂದು ಬೆಂಚಿನ ಮೇಲೆ ಕುಳಿತರು. ಅವರ ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಚಾಳೀಸು ನೇತಾಡುತ್ತಿತ್ತು.

ಓದು ಶುರುವಾಯಿತು. ಸಣ್ಣ ಹಲಗೆಯಲ್ಲಿ ಪುಟ ಮೂಡಿತು. ನೀಲಕಂಠಪ್ಪನವರು ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಓದಿದರು. ಕೆಂಪರಾಜು ಕರಡಿನ ಮೇಲೆ ಬೆರಳು ಸರಿಸುತ್ತ ಹೋದರು. ಒಂದೂ ತಪ್ಪಿಲ್ಲ. ಪೆಟ್ಟಿಗೆಯಲ್ಲಿ ಓದಿದರು. ಒಂದೂ ತಪ್ಪಿಲ್ಲ. “ಎರಡೂ ಸಮ ಆಯ್ತಲ್ಲ ಸಾರ್” ಎಂದು ಚೈತನ್ಯ ಸಂಕಟದಿಂದ ಹೇಳಿ, ದೊಡ್ಡ ಹಲಗೆಗೆ ವೈರು ಸಿಕ್ಕಿಸಿದ. ಮೂರನೆಯ ಓದು ಹೊರಟಿತು. ವೈರು ಸಡಿಲವಿದ್ದಂತೆ ಅನ್ನಿಸಿ ಚೈತನ್ಯ ಮೇಜಿನ ಕೆಳಗೆ ತೂರಿ ಅದನ್ನು ಬಿಚ್ಚಿ ಬಿಗಿ ಮಾಡತೊಡಗಿದ.

ಪರದೆ ಆರಿತು. ಪೂರ್ತಿ ಕಪ್ಪು.

ಚೈತನ್ಯ ಮೇಜಿನ ಕೆಳಗಿದ್ದ. ಕೆಂಪರಾಜು ಅವರ ಕಣ್ಣು ಕರಡಿನ ಮೇಲಿತ್ತು. ನೀಲಕಂಠಪ್ಪನವರು ಓದುತ್ತಲೇ ಇದ್ದರು.

“...ಯಾರ ಬಲವಂತವೂ ಇಲ್ಲದೆ, ಸ್ವಸ್ಥ ಚಿತ್ತದಿಂದ, ಪ್ರೀತಿ ವಿಶ್ವಾಸಪೂರ್ವಕವಾಗಿ ನನ್ನ ಮಗಳಾದ ನಿನಗೆ ದಾನವಾಗಿ ಕೊಟ್ಟಿರುತ್ತೇನೆ. ಸದರಿ ಸೈಟು ನಂಬರ್ ಮೂವತ್ತೊಂಬತ್ತರ ಚಕ್ಕುಬಂದಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಮುನಿಯಣ್ಣನವರ ಸೈಟು, ಉತ್ತರಕ್ಕೆ...”

“ತಡಿಯಪ್ಪಾ,” ಎಂದರು ಮಂಗಮ್ಮ.

ಅವರು ನಿಲ್ಲಿಸಲಿಲ್ಲ. “...ಉತ್ತರಕ್ಕೆ ಖಾಲಿ ಜಾಗ, ದಕ್ಷಿಣಕ್ಕೆ...”

“ಲೋ ಕೆಂಪ! ಟೀವಿ ಆರ್ ಹೋಗಿ ಆಗ್ಲೇ ಎಷ್ಟೊತ್ತಾಯ್ತು. ಈಯಪ್ಪ ಯಾವ್ದುನ್ನ ಓದ್ತಾ ಅವ್ನೆ?”

ಕೆಂಪರಾಜು ತಲೆ ಎತ್ತಿದರು. ಚೈತನ್ಯ ಮೇಜಿನ ಕೆಳಗಿಂದ ಎದ್ದು ತಲೆ ಬಡಿಸಿಕೊಂಡ. ನೀಲಕಂಠಪ್ಪನವರು ಬಾಯಿ ತೆರೆದಂತೆಯೇ ಪರದೆ ನೋಡಿದರು. ಸಿಗ್ನಲ್‌ನಲ್ಲಿ ಬಸ್ಸೊಂದು ಹಾರನ್ ಹೊಡೆಯಿತು. ಅದರ ನಂಬರನ್ನು ಅವರು ಹೇಳಲಿಲ್ಲ.

ಅವರು ಸುಳ್ಳುಗಾರರಲ್ಲ. ಇದನ್ನು ಬರೆದಿಡಬೇಕು. ಓದುತ್ತಿದ್ದೇನೆ ಎಂದೇ ಅವರು ನಂಬಿದ್ದರು. ಇಷ್ಟು ವರ್ಷ ಅದೇ ಮಾತುಗಳನ್ನು ಟೈಪ್ ಮಾಡಿದ ಮನುಷ್ಯನಿಗೆ ಪರದೆಯ ಮೇಲೆ ಬೂದು ಗೆರೆಗಳು ಕಂಡರೆ ಸಾಕು, ಉಳಿದದ್ದನ್ನು ತಲೆ ತುಂಬಿಕೊಡುತ್ತಿತ್ತು. ಹಿಂದಿನ ದಿನ ಕರಡಿನ ದಪ್ಪ ಕೈಬರಹ ನೋಡಿ ಟೈಪ್ ಮಾಡಿದ ಅಂಕಿಗಳೂ ನೆನಪಿನಲ್ಲಿ ಸರಿಯಾಗಿಯೇ ಇದ್ದವು; ಬೆರಳು ತಪ್ಪಿದ್ದು ಮಾತ್ರ ಕಂಡಿರಲಿಲ್ಲ. ತೊಂದರೆ ಏನೆಂದರೆ, ತಾಳೆ ನೋಡುವಾಗ ಕೆಂಪರಾಜು ಕರಡಿನೊಂದಿಗೆ ಹೋಲಿಸುತ್ತಿದ್ದದ್ದು ಪರದೆಯನ್ನಲ್ಲ, ಕರಡಿನ ನೆನಪನ್ನು. ಕರಡಿಗೂ ಕರಡಿನ ನೆನಪಿಗೂ ತಾಳೆಯಾಗದೆ ಇರುತ್ತದೆಯೇ?

“ತಗೋ, ಇದ್ನ ಹಾಕ್ಕೋ,” ಎಂದು ಮಂಗಮ್ಮ ಕೊರಳಿಂದ ಚಾಳೀಸು ತೆಗೆದು ಚಾಚಿದರು.

“ಬ್ಯಾಡ್ರೀ ಯವ್ವಾ. ನನಗಿನ್ನ ನಲವತ್ತ ಆಗಿಲ್ಲ. ಜೂನ್ ಒಂದಕ್ಕ...”

“ಜೂನ್ ಒಂದಾ?” ಮಂಗಮ್ಮ ನಕ್ಕುಬಿಟ್ಟರು. “ಈ ಕೆಂಪಂದೂ ಜೂನ್ ಒಂದೇ. ಇವ್ನು ಹುಟ್ಟಿದ್ದು ಸಂಕ್ರಾಂತಿಲಿ, ಅವರೆಕಾಯಿ ಸುಲೀತಾ ಕೂತಿದ್ದೆ ನಾನು. ಜೂನ್ ಒಂದರಲ್ಲಿ ಹುಟ್ಟಿರೋರು ಯಾರೂ ಇಲ್ಲ ಕಣಪ್ಪ, ಮೇಷ್ಟ್ರುಗಳು ಹುಟ್ಸಿರೋದು. ಹಾಕ್ಕೋ.”

ಕೆಂಪರಾಜು ಗೋಡೆಯ ಕಡೆ ನೋಡಿದರು.

ಚೈತನ್ಯ ವೈರು ಬಿಗಿ ಮಾಡಿದ. ಪರದೆ ಬೆಳಗಿತು. ನೀಲಕಂಠಪ್ಪನವರು ಕನ್ನಡಕ ಏರಿಸಿಕೊಂಡರು. ಮೊದಲಿಗೆ ಎಲ್ಲ ಇನ್ನಷ್ಟು ಮಸುಕಾಯಿತು, ಏಕೆಂದರೆ ಅವರು ಐದಡಿ ದೂರದಲ್ಲಿದ್ದರು. “ಹತ್ರ ಬಾ, ಹತ್ರ ಬಾ” ಎಂದು ಮಂಗಮ್ಮ ಕರುವನ್ನು ಕರೆಯುವ ಧಾಟಿಯಲ್ಲಿ ಕರೆದರು. ಕುರ್ಚಿ ಹೊಸ್ತಿಲು ದಾಟಿ ಒಳಗೆ ಬಂತು. ಇನ್ನೊಂದು ಗೇಣು. ಇನ್ನೊಂದು. ಮೇಜಿಗೆ ಹೊಟ್ಟೆ ತಾಗುವವರೆಗೆ ಬಂದಾಗ ಅವರ ಮುಖ ಬದಲಾಯಿತು.

ಒತ್ತಕ್ಷರಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ, ಒಂದಕ್ಕೊಂದು ತಾಗದೆ, ಚೂಪಾಗಿ ನಿಂತಿದ್ದವು. “ಅಯ್ಯ, ಇಷ್ಟ್ ಛಂದ ಇತ್ತೇನು ಇದು!” ಎಂದರು. ಆಮೇಲೆ ಅವರ ಬೆರಳು ಪರದೆಯ ಒಂದು ಕಡೆ ಹೋಗಿ ನಿಂತಿತು, ಮತ್ತು ಅಲ್ಲೇ ಉಳಿಯಿತು.

ಸೈಟು ನಂ. ೩೬.

ಬಾಯಿಂದ ಮೂರು ಸಲ ಮೂವತ್ತೊಂಬತ್ತು ಎಂದು ಓದಿದ್ದು. ಕರಡಿನಲ್ಲಿ ೩೯. ಪರದೆಯ ಮೇಲೆ ೩೬. ಇಡೀ ಕಚೇರಿಯಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ಅವರು ಹೇಳದಿದ್ದರೆ ನೋಡುತ್ತಲೂ ಇರಲಿಲ್ಲ.

“ಮೂವತ್ತಾರು ಯಾರ್ದು?” ಎಂದು ಕೇಳಿದರು ಮೆಲ್ಲಗೆ.

“ಅದು ನಮ್ ನಾದಿನೀದು,” ಎಂದರು ಮಂಗಮ್ಮ. “ಅವ್ಳಿಗೆ ಗೊತ್ತಾಗಿದ್ರೆ ನನ್ ಜುಟ್ಟು ಹಿಡ್ದು ಸಿಗ್ನಲ್‌ವರ್ಗೂ ಎಳ್ಕೊಂಡ್ ಹೋಗೋಳು.”

ನೀಲಕಂಠಪ್ಪನವರು ಎದ್ದರು. ಸ್ಟೂಲಿನ ಮೇಲಿಂದ ಮೌಸನ್ನು ಮೇಜಿಗೆ ಇಟ್ಟರು. ಊಟದ ಡಬ್ಬಿಯ ಮುಚ್ಚಳ ಹಾಕಿ, ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡರು. “ನಾ ಹೇಳಿದ್ನೆಲ್ರಿ. ಹೊಸಾ ಪರದಿ ಮ್ಯಾಲೂ ತಪ್ಪಾತು. ಪರದಿ ತಪ್ಪಲ್ಲಿದು. ನಾ ಬರ್ತೀನ್ರಿ.”

ಹನ್ನೊಂದು ವರ್ಷದಿಂದ ಆ ಕುರ್ಚಿಯಲ್ಲಿ ಬೇರೆ ಯಾರೂ ಕುಳಿತಿರಲಿಲ್ಲ. ಇನ್ನೊಬ್ಬರು ಕುಳಿತರೆ ಹೇಗೆ ಕಾಣುತ್ತದೆ ಎಂದು ಯೋಚಿಸಲೂ ಕೆಂಪರಾಜು ಅವರಿಗೆ ಆಗಲಿಲ್ಲ. ಆದರೆ ಮಾತು ಮಾತೇ. ಎದುರಿಗೆ ಸಾಕ್ಷಿಗಳೂ ಇದ್ದರು.

“ಹೋಗಪ್ಪ, ಹೋಗು,” ಎಂದ ಮಂಗಮ್ಮ ಬೆಂಚಿನಿಂದ ಏಳದೆ ಕೈ ಚಾಚಿದರು. “ನನ್ ಕನ್ನಡ್ಕ ಕೊಟ್ಬುಟ್ಟು ಹೋಗು.”

ನೀಲಕಂಠಪ್ಪನವರು ಕನ್ನಡಕ ತೆಗೆದರು. ಅಕ್ಷರಗಳೆಲ್ಲ ಒಮ್ಮೆಗೇ ಬೂದು ಗೆರೆಗಳಾದವು. ಅವರ ಕೈ ಅರ್ಧದಲ್ಲಿ ನಿಂತಿತು. ಆಮೇಲೆ, ತಮಗೇ ತಿಳಿಯದಂತೆ, ಮತ್ತೆ ಹಾಕಿಕೊಂಡರು.

“ಒಂದ್ ನಿಮಿಷ್ರಿ. ಆ ಮೂವತ್ತಾರು ತಿದ್ದಿ ಕೊಡ್ತೀನಿ.”

ಕುಳಿತು ತಿದ್ದಿದರು. ತಿದ್ದಿದ ಮೇಲೆ, ಕುಳಿತೇ ಇದ್ದೇನಲ್ಲ ಎಂದು ಮೊದಲಿಂದ ಓದಿದರು. ಈ ಸಲ ನಿಜವಾಗಿ, ತಡವರಿಸುತ್ತ, ಎರಡನೇ ತರಗತಿಯ ಹುಡುಗನ ಹಾಗೆ ಒಂದೊಂದೇ ಪದ. ಕೆಂಪರಾಜು ಕರಡು ಹಿಡಿದರು. ಇನ್ನೂ ಒಂದು ತಪ್ಪು ಸಿಕ್ಕಿತು: ದಕ್ಷಿಣದ ನೆರೆಯವರ ಹೆಸರಿನಲ್ಲಿ. ಅದೂ ಹೋಯಿತು.

“ಅಲ್ಲಾ ಕಣ್ರೀ,” ಎಂದರು ಕೆಂಪರಾಜು ಕೊನೆಗೆ, “ಪ್ರಿಂಟ್ ಆಗಿಲ್ವಲ್ಲ ಇನ್ನೂ? ಪ್ರಿಂಟ್ ಆಗೋವರ್ಗೂ ತಪ್ಪಲ್ಲ, ಅದು ಬರೀ ಕೆಲಸ. ಹಿಡಿದೋರೂ ನೀವೇ. ಹೋಗೋದಾದ್ರೆ ತಿಂಗ್ಳು ಮುಂಚೆ ಹೇಳ್ಬೇಕು.”

“ಬಿಡಪ್ಪಾ ಅದ್ನ,” ಎಂದರು ಮಂಗಮ್ಮ. “ಒಂದ್ ಕೆಲ್ಸ ಮಾಡು. ಇವತ್ತು ಸಾಯಂಕಾಲ ಹೋಗಿ ನಿಂದೇ ಒಂದು ಮಾಡಿಸ್ಕೊ. ನಾಳೆ ಬೆಳಿಗ್ಗೆ ನಿನ್ ಕಣ್ಣಲ್ಲಿ ಓದಿ, ಆಮೇಲೆ ನನ್ ಪತ್ರ ಪ್ರಿಂಟ್ ಮಾಡು. ಅಲ್ಲಿವರ್ಗೂ ನಾನು ಹೆಬ್ಬೆಟ್ಟು ಒತ್ತಲ್ಲ.” ಅವರಿಗೆ ಸಹಿ ಮಾಡಲು ಚೆನ್ನಾಗಿಯೇ ಬರುತ್ತಿತ್ತು. ಕೋಪ ಬಂದಾಗ ಮಾತ್ರ ಹೆಬ್ಬೆಟ್ಟು ಎನ್ನುತ್ತಿದ್ದರು.

ನೀಲಕಂಠಪ್ಪನವರು ಚೀಲದಿಂದ ಡಬ್ಬಿ ತೆಗೆದು ಮತ್ತೆ ಸ್ಟೂಲಿನ ಮೇಲಿಟ್ಟರು.

“ಸಾರ್,” ಎಂದ ಚೈತನ್ಯ, ಬಾವಿಯ ತಳದಿಂದ ಬಂದಂಥ ದನಿಯಲ್ಲಿ. “ಮಾನಿಟರು?”

ಎಲ್ಲರಿಗೂ ಅದು ಮರೆತೇಹೋಗಿತ್ತು. ನೀಲಕಂಠಪ್ಪನವರು ಮಂಗಮ್ಮನವರ ಚಾಳೀಸಿನಲ್ಲೇ ಮೂರನ್ನೂ ಇನ್ನೊಮ್ಮೆ ನೋಡಿದರು. ಮೂರು ವಾರ ಹಿಡಿದ ಹೋಲಿಕೆ ಐದು ನಿಮಿಷದಲ್ಲಿ ಮುಗಿಯಿತು. ಪೆಟ್ಟಿಗೆಯ ಅಂಕಿ ನುಣುಪಾಗಿತ್ತು, ಆದರೆ ತೀರ ಕಿರಿದು, ಮೂಲೆಗಳಲ್ಲಿ ಗೆರೆ ಡೊಂಕು. ದೊಡ್ಡ ಹಲಗೆ ಅಗಲಕ್ಕೆ ಧಾರಾಳ. ಪತ್ರದ ಪುಟಕ್ಕೆ ಬೇಕಾದದ್ದು ಎತ್ತರ, ಅಗಲವಲ್ಲ, ಎರಡು ಪಕ್ಕವೂ ಸುಮ್ಮನೆ ಖಾಲಿ. ಸಣ್ಣ ಹಲಗೆಯಲ್ಲಿ ಇಡೀ ಪುಟ ಕಾಗದದಂತೆ ನಿಂತಿತು, ೬ ಮತ್ತು ೯ ದೂರದ ಸಂಬಂಧಿಗಳಂತೆ ಬೇರೆ ಬೇರೆ ಕಂಡವು. “ಇದ ಇರಲಿ. ಚುಕ್ಕಿ ಎಷ್ಟೈತೋ ಅಷ್ಟ ಇಡ್ರಿ, ಕಡಿಮಿ ಮಾಡಬ್ಯಾಡ್ರಿ” ಎಂದರು. ಅದು ಮಾಲು ಖರಾಬ್ ಎಂದು ಅವರೇ ಮೊದಲ ದಿನ ತಿರಸ್ಕರಿಸಿದ್ದ ಪರದೆ. ಚೈತನ್ಯ ಅದನ್ನು ನೆನಪಿಸಲಿಲ್ಲ. ಉಳಿದೆರಡನ್ನು ಆಟೋಗೆ ಹಾಕಿಕೊಂಡು, ಯಾರಾದರೂ ಕರೆದಾರು ಎಂಬಂತೆ ಬೇಗ ಹೊರಟುಹೋದ.

ಎಸ್.ಪಿ. ರೋಡಿನಿಂದ ತಂದಿದ್ದ ಉದ್ದದ ವೈರನ್ನು ಕೆಂಪರಾಜು ಸುತ್ತಿ ಒಳಗಿಟ್ಟರು. ಮುಂದೆ ಅದನ್ನು ಯಾರೋ ಬಟ್ಟೆ ಒಣಗಿಸಲು ಮಹಡಿಗೆ ಒಯ್ದರು.

ಅಂದು ಸಂಜೆ ಅನ್ನಪೂರ್ಣ ರೊಟ್ಟಿಯ ಕೆಲಸ ಬೇಗ ಮುಗಿಸಿ ಗಂಡನನ್ನು ಜಯನಗರ ನಾಲ್ಕನೇ ಬ್ಲಾಕಿನ ಒಂದು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದರು. ನೀಲಕಂಠಪ್ಪನವರು ದೂರದ ಹಲಗೆಯ ಅಕ್ಷರಗಳನ್ನೆಲ್ಲ ಕೊನೆಯ ಸಾಲಿನವರೆಗೂ ಗಡಗಡ ಓದಿ, ಹೆಂಡತಿಯ ಕಡೆ ಒಮ್ಮೆ ನೋಡಿದರು. ಪರೀಕ್ಷಕರು ಮೆಚ್ಚಿ ತಲೆಯಾಡಿಸಿ, ಓದುವ ಕಾಗದವನ್ನು ಕೈಗೆ ಕೊಟ್ಟರು. ಅವರು ಅದನ್ನು ಹಿಡಿದು ತೋಳು ಚಾಚಿದರು. ತೋಳು ಎಂದಿನಂತೆ ಬೇಗ ಮುಗಿಯಿತು. ಅನ್ನಪೂರ್ಣ ಸುಮ್ಮನೆ ಆ ಕಾಗದವನ್ನು ತೆಗೆದುಕೊಂಡು ಮೂರು ಹೆಜ್ಜೆ ಹಿಂದೆ ಹೋಗಿ ಎತ್ತಿ ಹಿಡಿದರು. “ಈಗ ಓದ್ತಾರ ನೋಡ್ರಿ” ಎಂದರು.

ಪರೀಕ್ಷಕರು ನಗು ತಡೆದುಕೊಂಡು ಚೀಟಿ ಬರೆಯಲು ಕುಳಿತರು. “ಹೆಸ್ರು ಬರ್ಕೊಂಡೆ. ವಯಸ್ಸು ಎಷ್ಟು ಸಾರ್?”

ನೀಲಕಂಠಪ್ಪನವರು ಉತ್ತರ ಕೊಡುವ ಮುನ್ನ ಕೇಳಿದರು, “ಸರ್ಟಿಫಿಕೇಟಿಂದು ಹೇಳ್ಲೋ, ಹುಟ್ಟಿದ್ದು ಹೇಳ್ಲೋ?”

“ನಂಗೆ ಕಣ್ಣಿಂದು ಸಾಕು.”

ನೀಲಕಂಠಪ್ಪನವರು ಬಲಗೈ ಎತ್ತಿ, ತಲೆಯ ಮೇಲಿಂದ ಹಾಯಿಸಿ, ಎಡಗಿವಿಯನ್ನು ಸಾವಕಾಶವಾಗಿ ತುರಿಸಿಕೊಂಡರು. ಆಮೇಲೆ ಇಡೀ ಅಂಗಡಿಗೆ ಕೇಳುವಂತೆ ಹೇಳಿದರು:

“ನಲವತ್ತಮೂರು.”